ಬ್ಯಾಂಡ್ ಕಟ್ಟೋ ಹುಡುಗ್ರು ಇದ್ದಾರೆ, ಸ್ವಂತ ಹಾಡಿಗೆ ವೇದಿಕೆ ಕೊಡೋರು ಯಾರು?

ವಿಶ್ಲೇಷಣೆ | ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ

ಗಣಪತಿ ಹಬ್ಬದಿಂದ ಹಿಡಿದು ರಾಜ್ಯೋತ್ಸವ ಮುಗಿಯೋವರೆಗೂ ನಮ್ಮ ನಾಲ್ಕು ತಾಲ್ಲೂಕಲ್ಲಿ ಆರ್ಕೆಸ್ಟ್ರಾ ಸೀಸನ್. ಬಡಾವಣೆಗೊಂದು ಶಾಮಿಯಾನ, ಎರಡು ಸಾಲು ಸ್ಪೀಕರ್, ಬಣ್ಣದ ಲೈಟು. ದುಡ್ಡು ಎಲ್ಲಿಂದ ಬರುತ್ತೆ ಅಂತ ಹೇಳೋದೇ ಬೇಡ. ದಿನಸಿ ಅಂಗಡಿ, ಬಟ್ಟೆ ಅಂಗಡಿ, ಗೊಬ್ಬರದಂಗಡಿ, ಬೇಕರಿ, ಮೊಬೈಲ್ ಶಾಪ್, ಎಲ್ಲರ ಗಲ್ಲಾಪೆಟ್ಟಿಗೆಯಿಂದ ರಸೀದಿ ಹರಿದು ಕೂಡಿಸಿದ ಚಂದಾ ಅದು. ವೇದಿಕೆ ಮೇಲೆ ಏನು ನಡೀತದೆ? ಕಳೆದ ವರ್ಷ ಕೇಳಿದ ಸಿನಿಮಾ ಹಾಡುಗಳೇ ಈ ವರ್ಷವೂ, ಎಷ್ಟೋ ಕಡೆ ಟ್ರ್ಯಾಕ್ ಹಾಕ್ಕೊಂಡು.

ಇದರಲ್ಲಿ ತಪ್ಪೇನಿಲ್ಲ. ಜನ ಇಷ್ಟಪಡ್ತಾರೆ, ಕುಣೀತಾರೆ, ವ್ಯಾಪಾರವೂ ಆಗುತ್ತೆ. ಆದ್ರೆ ಒಂದು ಪ್ರಶ್ನೆಯನ್ನ ಚಂದಾ ಕೊಡೋ ನಾವೇ ಕೇಳ್ಕೋಬೇಕು. ಗಿಟಾರು, ಕೀಬೋರ್ಡು, ತಮಟೆ ಹಿಡ್ಕೊಂಡು ತಾವೇ ಬರೆದು ತಾವೇ ರಾಗ ಹಾಕಿದ ಹಾಡನ್ನ ಹಾಡ್ತೀವಿ ಅನ್ನೋ ಹೈಕಳು ನಮ್ಮ ಕಾಲೇಜುಗಳಲ್ಲೂ ಇದ್ದಾರೆ. ಅವರಿಗೆ ಊರಲ್ಲಿ ಹತ್ತು ನಿಮಿಷದ ಜಾಗ ಇದೆಯಾ? ಇಲ್ಲ ಅಂದ್ರೆ ಅವರು ಬೆಂಗಳೂರಿನ ಬಸ್ಸು, ಇಲ್ಲಾ ರೈಲು ಹತ್ತೋದನ್ನ ಬಿಟ್ಟು ಇನ್ನೇನು ಮಾಡ್ತಾರೆ?

ಕನ್ನಡದ ಹುಡುಗರು ಬ್ಯಾಂಡ್ ಕಟ್ಟಿ, ಮೊದಲ ಆಲ್ಬಂ ತಂದು ಹೆಸರು ಮಾಡಿದ ಎರಡು ಉದಾಹರಣೆ ನಮ್ಮ ಪಕ್ಕದಲ್ಲೇ ಇವೆ. ಎರಡರ ಬೇರೂ ಮೈಸೂರಿನದು. ಹೊಳೆನರಸೀಪುರದಲ್ಲಿ ರೈಲು ಹತ್ತಿ ಮಧ್ಯಾಹ್ನದ ಊಟಕ್ಕೆ ಮುಟ್ಟೋ ಮೈಸೂರು. ಅವರ ದಾರಿಯನ್ನ ಸ್ವಲ್ಪ ಬಿಡಿಸಿ ನೋಡಿದ್ರೆ ನಮಗೆ ಏನು ಕಮ್ಮಿ ಇದೆ, ಏನು ಇದೆ ಅನ್ನೋದು ಗೊತ್ತಾಗುತ್ತೆ.

ಅಣ್ಣ ತಮ್ಮ, ಎರಡು ಬ್ಯಾಂಡ್

ಮೊದಲನೆಯದು ರಘು ದೀಕ್ಷಿತ್ ಅವರ ಕಥೆ. ಹುಟ್ಟಿದ್ದು ನಾಸಿಕ್‌ನಲ್ಲಿ, ಬೆಳೆದದ್ದು ಮೈಸೂರಲ್ಲಿ. ಮೈಸೂರು ವಿಶ್ವವಿದ್ಯಾಲಯದಲ್ಲಿ ಮೈಕ್ರೋಬಯಾಲಜಿ ಓದಿ ಚಿನ್ನದ ಪದಕ ತಗೊಂಡವರು. ಭರತನಾಟ್ಯವನ್ನೂ ಕ್ರಮವಾಗಿ ಕಲಿತವರು. ಕಾಲೇಜಲ್ಲಿ ಸಹಪಾಠಿಯೊಬ್ಬ ಕೆಣಕಿದ್ದಕ್ಕೆ ಹಠಕ್ಕೆ ಬಿದ್ದು ಗಿಟಾರ್ ಕಲಿತರು ಅನ್ನೋದನ್ನ ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. 1990ರ ದಶಕದ ಕೊನೆಯಲ್ಲಿ 'ಅಂತರಾಗ್ನಿ' ಅನ್ನೋ ಬ್ಯಾಂಡ್ ಕಟ್ಟಿದರು. ಪಿಟೀಲು, ಗಿಟಾರು, ಕನ್ನಡದ ಪದ, ಎಲ್ಲ ಸೇರಿದ ತಂಡ. ಕೆಲವು ವರ್ಷ ನಡೆದು ಆ ತಂಡ ಚದುರಿತು. ಆಮೇಲೆ ಹುಟ್ಟಿದ್ದು 'ರಘು ದೀಕ್ಷಿತ್ ಪ್ರಾಜೆಕ್ಟ್'.

ಹಾಡುಗಳನ್ನ ಹಿಡ್ಕೊಂಡು ರೆಕಾರ್ಡಿಂಗ್ ಕಂಪನಿಗಳ ಬಾಗಿಲು ತಟ್ಟಿದ್ದು ಒಂದೆರಡು ವರ್ಷ ಅಲ್ಲ. ಸಿನಿಮಾ ಅಲ್ಲದ ಹಾಡು, ಅದರಲ್ಲೂ ಕನ್ನಡ ಬೆರೆತದ್ದು, ಮಾರಾಟ ಆಗಲ್ಲ ಅನ್ನೋದೇ ಉತ್ತರ. ಕೊನೆಗೆ ಮುಂಬೈನ ಸಂಗೀತ ನಿರ್ದೇಶಕ ಜೋಡಿ ವಿಶಾಲ್-ಶೇಖರ್ ಇವರ ಹಾಡು ಕೇಳಿ, ತಮ್ಮದೇ ಹೊಸ ಸಂಸ್ಥೆಯಿಂದ 2008ರಲ್ಲಿ ಮೊದಲ ಆಲ್ಬಂ ತಂದರು. ಅಂದ್ರೆ ಮೊದಲ ಬ್ಯಾಂಡ್ ಕಟ್ಟಿದ ದಿನದಿಂದ ಮೊದಲ ಆಲ್ಬಂ ಕೈಗೆ ಬರೋಕೆ ಹತ್ತಿರ ಹತ್ತಿರ ಹತ್ತು ವರ್ಷ. ಆಮೇಲಿನದ್ದು ಗೊತ್ತಿರೋದೇ. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಲುಂಗಿ ಉಟ್ಟು, ಗೆಜ್ಜೆ ಕಟ್ಟಿ ಹಾಡಿದರು. 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವದ ವೇದಿಕೆ ಹತ್ತಿದರು.

ಎರಡನೆಯದು 'ಸ್ವರಾತ್ಮ'. ಇದರ ಮುಖ್ಯ ಗಾಯಕ ವಾಸು ದೀಕ್ಷಿತ್, ರಘು ಅವರ ತಮ್ಮ. 2002ರ ಹೊತ್ತಿಗೆ ಶುರುವಾದ ತಂಡ ಇದು. ಜನ ಬಂದರು, ಹೋದರು, ತಂಡ ಒಂದು ಹದಕ್ಕೆ ಬರೋಕೇ ನಾಲ್ಕೈದು ವರ್ಷ ಹಿಡೀತು. ರೇಡಿಯೋ ಸ್ಪರ್ಧೆಯೊಂದರಲ್ಲಿ ಗೆದ್ದದ್ದು ದೊಡ್ಡ ತಿರುವು. 2009ರಲ್ಲಿ ಇಎಂಐ ಸಂಸ್ಥೆಯ ಮೂಲಕ 'ಸ್ವರಾತ್ಮ' ಅನ್ನೋ ಹೆಸರಲ್ಲೇ ಮೊದಲ ಆಲ್ಬಂ ಬಂತು. ಕನ್ನಡ ಮತ್ತು ಹಿಂದಿ, ಎರಡೂ ಇತ್ತು. ಅದೇ ವರ್ಷ ಬ್ರಿಟಿಷ್ ಕೌನ್ಸಿಲ್‌ನ ಒಂದು ಯೋಜನೆಗೆ ದೇಶದ ನಾಲ್ಕು ಬ್ಯಾಂಡ್‌ಗಳನ್ನ ಆರಿಸಿದಾಗ ಅದರಲ್ಲಿ ಇವರೂ ಒಬ್ಬರು. ಇಲ್ಲಿ ಲೆಕ್ಕ ಏಳು ವರ್ಷ.

ಈ ಏಳು, ಹತ್ತು ಅನ್ನೋ ಸಂಖ್ಯೆಗಳನ್ನ ಹುಡುಗ್ರೂ ನೆನಪಿಡಬೇಕು, ಮನೆಯವರೂ ನೆನಪಿಡಬೇಕು. ರೀಲ್ ಒಂದು ರಾತ್ರೀಲಿ ಓಡುತ್ತೆ, ನಿಜ. ಬ್ಯಾಂಡ್ ಹಾಗೆ ಓಡಲ್ಲ. ಅದು ತೆಂಗಿನ ಸಸಿ ಇದ್ದ ಹಾಗೆ. ನೆಟ್ಟ ವರ್ಷವೇ ಕಾಯಿ ಎಲ್ಲಿ ಅಂತ ಕೇಳೋಕಾಗಲ್ಲ, ಅಷ್ಟು ವರ್ಷ ನೀರು ಹಾಕೋರು ಯಾರಾದ್ರೂ ಇರಬೇಕು.

ದಾರಿ ಹೊರಟದ್ದು ಚನ್ನರಾಯಪಟ್ಟಣದಿಂದಲೂ

ಇದೆಲ್ಲ ಮೈಸೂರು, ಮುಂಬೈ, ಲಂಡನ್ ಕಥೆ, ನಮಗೇನು ಸಂಬಂಧ ಅಂತ ಕೇಳಬಹುದು. ಸಂಬಂಧ ಇದೆ.

ರಘು ದೀಕ್ಷಿತ್ ಅವರ ಆ ಮೊದಲ ಆಲ್ಬಂನಲ್ಲಿ ಪ್ರೇಮಗೀತೆ, ಹಿಂದಿ ಹಾಡುಗಳ ಜತೆಗೆ ಶಿಶುನಾಳ ಷರೀಫರ 'ಗುಡುಗುಡಿಯ ಸೇದಿ ನೋಡೋ' ಕೂಡ ಇತ್ತು. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ, ಹಾವೇರಿ ಸೀಮೆಯ ಸಂತನ ತತ್ವಪದ ಅದು. ಅದನ್ನ ರಾಕ್ ಗಿಟಾರ್ ಜತೆ ಹಾಡಿದ್ರೆ ಕಾಲೇಜು ಹುಡುಗ್ರು ಜತೆಗೂಡಿ ಹಾಡ್ತಾರೆ ಅಂದ್ರೆ, ಆ ಪದ ಅವರ ಕಿವಿಗೆ ಮೊದಲೇ ಬಿದ್ದಿರಬೇಕಲ್ಲ? ಧಾರವಾಡ ಕಡೆಯ ಭಜನೆ ಮೇಳಗಳಲ್ಲಿದ್ದ ಷರೀಫರ ಪದಗಳನ್ನ ಕ್ಯಾಸೆಟ್ ಮೂಲಕ, ವೇದಿಕೆ ಮೂಲಕ, 1990ರ 'ಸಂತ ಶಿಶುನಾಳ ಷರೀಫ' ಸಿನಿಮಾ ಮೂಲಕ ಇಡೀ ಕರ್ನಾಟಕದ ಮನೆಮನೆಗೆ ಮುಟ್ಟಿಸಿದವರು ಯಾರು? ಸಿ. ಅಶ್ವಥ್. ಅವರು ಹುಟ್ಟಿದ್ದು 1939ರ ಡಿಸೆಂಬರ್ 29ರಂದು, ನಮ್ಮ ಚನ್ನರಾಯಪಟ್ಟಣದಲ್ಲಿ.

ಅಶ್ವಥ್ ಅವರನ್ನ ನಾವು 'ಭಾವಗೀತೆ ಗಾಯಕರು' ಅಂತ ಒಂದು ಮಾತಲ್ಲಿ ಮುಗಿಸಿಬಿಡ್ತೀವಿ. ಸ್ವಲ್ಪ ಯೋಚನೆ ಮಾಡಿ ನೋಡಿ. ಅವರು ಮಾಡಿದ್ದೂ ಇಂಥದ್ದೇ ಕೆಲಸ. ಸಿನಿಮಾ ಹಂಗಿಲ್ಲದೆ ಕನ್ನಡದ ಪದಕ್ಕೆ ತಮ್ಮದೇ ರಾಗ ಕಟ್ಟಿದರು, ತಮ್ಮದೇ ತಂಡ ಕಟ್ಟಿದರು, ಊರೂರು ತಿರುಗಿ ಎದೆ ತುಂಬಿ ಹಾಡಿದರು. ಅದೂ ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ನೌಕರಿ ಮಾಡ್ಕೊಂಡು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ 'ಕನ್ನಡವೇ ಸತ್ಯ' ಕಾರ್ಯಕ್ರಮ ಮಾಡಿದಾಗ ಬರೀ ಕನ್ನಡ ಭಾವಗೀತೆ ಕೇಳೋಕೆ ಲಕ್ಷದಷ್ಟು ಜನ ಸೇರಿದ್ದರು. 'ಸಿನಿಮಾ ಹಾಡು ಇಲ್ಲದಿದ್ರೆ ಜನ ಕೂರಲ್ಲ' ಅನ್ನೋ ಮಾತಿಗೆ ಚನ್ನರಾಯಪಟ್ಟಣದವರೇ ಉತ್ತರ ಕೊಟ್ಟು ಹೋಗಿದ್ದಾರೆ. ಅಶ್ವಥ್ ತೀರಿಕೊಂಡದ್ದು 2009ರಲ್ಲಿ, ತಮ್ಮ ಹುಟ್ಟುಹಬ್ಬದ ದಿನವೇ. ಸ್ವರಾತ್ಮದ ಮೊದಲ ಆಲ್ಬಂ ಬಂದದ್ದೂ ಅದೇ ವರ್ಷ.

ಇನ್ನೊಂದು ಮುಖ್ಯ ವಿಷಯ. ರಘು ದೀಕ್ಷಿತ್ ಷರೀಫರ ಪದ ತಗೊಂಡರೇ ಹೊರತು ಅಶ್ವಥ್ ಅವರ ಧಾಟಿ ತಗೊಳ್ಳಲಿಲ್ಲ. ರಾಗ ತಮ್ಮದೇ ಹಾಕಿದರು. ಕೆಲವರಿಗೆ ಅದು ಹಿಡಿಸಲಿಲ್ಲ, ಷರೀಫರನ್ನ ಹೀಗೆ ಕೂಗಿ ಹಾಡಬಹುದಾ ಅಂದರು. ಹಿಂದೆ ಅಶ್ವಥ್ ಅವರ ಏರುದನಿಗೂ ಇದೇ ಮಾತು ಬಂದಿತ್ತು. ಪ್ರತಿ ತಲೆಮಾರೂ ತನ್ನ ಗಂಟಲಲ್ಲೇ ಹಾಡಬೇಕು, ಬೇರೆಯವರ ಗಂಟಲನ್ನ ಸಾಲ ತಗೊಂಡ್ರೆ ಹೆಚ್ಚು ದಿನ ನಡೆಯಲ್ಲ.

ನಮ್ಮ ನೀರಿನ ಹಾಡು, ಅವರ ಬಾಯಲ್ಲಿ

ಸ್ವರಾತ್ಮದ ಮೊದಲ ಆಲ್ಬಂನಲ್ಲಿ 'ಪ್ಯಾಸಿ' ಅಂತ ಒಂದು ಹಾಡಿದೆ. ಪ್ಯಾಸಿ ಅಂದ್ರೆ ಬಾಯಾರಿದವಳು. ಯಾರು ಆ ಬಾಯಾರಿದವಳು? ಕಾವೇರಿ. ಎರಡು ರಾಜ್ಯಗಳು ನನಗಾಗಿ ಜಗಳ ಆಡ್ತಿವೆ, ನನ್ನ ಕಷ್ಟ ಕೇಳೋರಿಲ್ಲ ಅಂತ ನದಿಯೇ ಹೇಳಿಕೊಳ್ಳೋ ರೀತಿಯ ಹಾಡು.

ಈಗ ನಮ್ಮ ನಕ್ಷೆ ನೋಡಿ. ಕಾವೇರಿ ಹರಿಯೋದು ಅರಕಲಗೂಡು ತಾಲ್ಲೂಕಿನ ಕೊಣನೂರು, ರಾಮನಾಥಪುರ, ರುದ್ರಪಟ್ಟಣದ ಪಕ್ಕದಲ್ಲಿ. ಅವಳನ್ನ ಸೇರೋ ಹೇಮಾವತಿಗೆ ಅಣೆಕಟ್ಟು ಇರೋದು ಗೊರೂರಲ್ಲಿ. ಅದೇ ಹೊಳೆ ದಡದಲ್ಲಿ ಹೊಳೆನರಸೀಪುರ ಇದೆ. ಹಿನ್ನೀರಲ್ಲಿ ಮುಳುಗಿದ ಹಳ್ಳಿಗಳು ನಮ್ಮವು. ಶೆಟ್ಟಿಹಳ್ಳಿ ಚರ್ಚ್ ಮುಂದೆ ಫೋಟೋ ತೆಗೆಸಿಕೊಳ್ಳೋರು ದೇಶದ ಮೂಲೆಮೂಲೆಯಿಂದ ಬರ್ತಾರೆ. ಇಷ್ಟೆಲ್ಲ ಇದ್ದೂ ನೀರಿನ ಹಾಡು ಬರೆದು ಆಲ್ಬಂ ಮಾಡಿದವರು ಮೈಸೂರು-ಬೆಂಗಳೂರಿನ ತಂಡದವರು, ಅದೂ ಹಿಂದಿಯಲ್ಲಿ. ಅವರನ್ನ ದೂರೋ ಹಾಗಿಲ್ಲ. ನಾವು ಹಾಡಲಿಲ್ಲ, ಅವರು ಹಾಡಿದರು ಅಷ್ಟೇ.

ನಮ್ಮ ಹುಡುಗರಿಗೆ ಬರೆಯೋಕೆ ವಿಷಯಕ್ಕೆ ಬರವೇ? ಅಂಗಮಾರಿ ರೋಗ ಬಂದು ಹಾಸನದ ಆಲೂಗಡ್ಡೆ ಕೈಕೊಟ್ಟದ್ದಿದೆ. ಆಲೂಗಡ್ಡೆ ಬಿಟ್ಟು ಜೋಳ, ಶುಂಠಿ ಹಿಡಿದ ರೈತರಿದ್ದಾರೆ. ರಾಮನಾಥಪುರದ ಹೊಗೆಸೊಪ್ಪಿನ ಹರಾಜು ಕಟ್ಟೆ ಇದೆ. ಆಲೂರು, ಸಕಲೇಶಪುರ ಕಡೆ ರಾತ್ರಿ ತೋಟಕ್ಕೆ ಇಳಿಯೋ ಆನೆ ಇದೆ. ಭಾನುವಾರ ಸಂಜೆ ಬೆಂಗಳೂರಿಗೆ ತುಂಬಿಕೊಂಡು ಹೊರಡೋ ಬಸ್ಸಲ್ಲಿ ಬ್ಯಾಗ್ ಮೇಲೆ ಕೂತ ಮಕ್ಕಳಿದ್ದಾರೆ. ರಾಕ್ ಸಂಗೀತ ಅಂದ್ರೆ ಜೋರು ಶಬ್ದ ಅಂತ ತಿಳಿದವರು ಬಹಳ. ತಮ್ಮ ಕಾಲದ ಸಿಟ್ಟು, ಸಂಕಟ, ಪೋಲಿತನ ಎಲ್ಲವನ್ನೂ ತಮ್ಮದೇ ಮಾತಲ್ಲಿ ಹಾಡೋದು ಅದರ ತಿರುಳು. ಆ ಲೆಕ್ಕದಲ್ಲಿ ನಮ್ಮ ಅಜ್ಜಿಯರ ಸೋಬಾನೆ ಪದ, ತಂಬೂರಿಯವರ ಪದ, ಚಿಟ್ಟಿಮೇಳದ ಪೆಟ್ಟು ಇವೆಲ್ಲ ಅದರ ನೆಂಟರೇ. ಸ್ವರಾತ್ಮದವರು ವೇದಿಕೆ ಮೇಲೆ ಕೀಲುಕುದುರೆ ಕಟ್ಟಿ ಕುಣಿದದ್ದು ಸುಮ್ಮನೆ ಅಲ್ಲ.

ಸಂಗೀತದ ಊರು ನಮ್ಮಲ್ಲೇ ಇದೆ

'ಹಳ್ಳಿ ಕಡೆ ಇದಕ್ಕೆಲ್ಲ ವಾತಾವರಣ ಇಲ್ಲ' ಅನ್ನೋದು ಇನ್ನೊಂದು ಮಾತು. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣವನ್ನ ನೋಡಿ. ಕಾವೇರಿ ದಡದ ಸಣ್ಣ ಹಳ್ಳಿ. ಪದ್ಮಭೂಷಣ ಆರ್.ಕೆ. ಶ್ರೀಕಂಠನ್ ಆ ಊರಿನವರು. ರುದ್ರಪಟ್ಟಣಂ ಸಹೋದರರು ಅಂತ ಹೆಸರಾದ ಆರ್.ಎನ್. ತ್ಯಾಗರಾಜನ್, ಆರ್.ಎನ್. ತಾರಾನಾಥನ್ ಆ ಊರಿನವರು. ವಿದ್ವಾನ್ ಆರ್.ಕೆ. ಪದ್ಮನಾಭ ಅವರು ಹುಟ್ಟೂರಲ್ಲೇ ತಂಬೂರಿ ಆಕಾರದ ಮಂದಿರ ಕಟ್ಟಿಸಿ, ವರ್ಷವರ್ಷ ಸಂಗೀತೋತ್ಸವ ನಡೆಸೋ ಪರಿಪಾಠ ಹಾಕಿದರು. ದೊಡ್ಡ ದೊಡ್ಡ ವಿದ್ವಾಂಸರು ಆ ಹಳ್ಳಿಗೆ ಬಂದು ಹಾಡಿ ಹೋಗ್ತಾರೆ.

ಅದು ಶಾಸ್ತ್ರೀಯ, ಇದು ರಾಕು. ಎರಡನ್ನೂ ಒಂದೇ ತಕ್ಕಡಿಗೆ ಹಾಕೋದು ಬೇಡ. ಪಾಠ ಮಾತ್ರ ಒಂದೇ. ಹೊರಗೆ ಹೋಗಿ ಹೆಸರು ಮಾಡಿದವರು ಊರಿಗೆ ಒಂದು ವೇದಿಕೆ ತಂದರು, ಊರು ಅದನ್ನ ಉಳಿಸಿಕೊಂಡಿತು. ಹಳ್ಳಿಗೆ ಸಾಧ್ಯ ಆದದ್ದು ತಾಲ್ಲೂಕು ಕೇಂದ್ರಕ್ಕೆ ಯಾಕೆ ಆಗಲ್ಲ?

ಅರಕಲಗೂಡಿನ ಇನ್ನೊಂದು ಹೆಸರನ್ನೂ ಇಲ್ಲಿ ನೆನೀಬೇಕು. ಅ.ನ. ಕೃಷ್ಣರಾಯರು. ಹುಟ್ಟಿದ್ದು ಕೋಲಾರದಲ್ಲಾದರೂ ಹೆಸರಿನ ಮೊದಲಕ್ಷರದಲ್ಲಿ ಅರಕಲಗೂಡನ್ನೇ ಹೊತ್ತು ತಿರುಗಿದವರು. 1960ರ ದಶಕದ ಆರಂಭದಲ್ಲಿ ಬೆಂಗಳೂರಿನ ರಾಮೋತ್ಸವದ ಕಛೇರಿಗಳಲ್ಲಿ ಕನ್ನಡದ ಕಲಾವಿದರಿಗೆ ತಕ್ಕ ಜಾಗ ಸಿಕ್ತಿಲ್ಲ ಅಂತ ಬೀದಿಗೆ ಇಳಿದು ಹೋರಾಡಿದವರು ಅವರು. ಚಂದಾ ನಮ್ಮದು, ಕೇಳೋರು ನಾವು, ಹಾಡೋಕೆ ಮಾತ್ರ ನಮ್ಮವರು ಬೇಡವಾ ಅನ್ನೋದು ಆ ಹೋರಾಟದ ಸಾರ. ಇವತ್ತು ಆ ಪ್ರಶ್ನೆಯನ್ನ ಪೇಟೆ ಬೀದಿಯಲ್ಲಿ ನಿಂತು ನಮಗೆ ನಾವೇ ಕೇಳ್ಕೋಬೇಕಾಗಿದೆ.

ದುಡ್ಡಿನ ಮಾತು: ಅಂಗಡಿಯವರಿಗೆ ಅರ್ಥ ಆಗೋ ಹಾಗೆ

ಆಲ್ಬಂ ಮಾಡೋದು ಈಗ ಹಿಂದಿನಷ್ಟು ದುಬಾರಿ ಅಲ್ಲ. 2008ರಲ್ಲಿ ಸಿಡಿ ಒತ್ತಿಸಬೇಕಿತ್ತು, ಅಂಗಡಿಗೆ ಹಂಚಬೇಕಿತ್ತು, ಅದಕ್ಕೇ ಕಂಪನಿ ಬೇಕಿತ್ತು. ಈಗ ಒಂದು ಲ್ಯಾಪ್‌ಟಾಪು, ಒಳ್ಳೇ ಮೈಕು, ಸದ್ದಿಲ್ಲದ ಕೋಣೆ ಇದ್ರೆ ರೆಕಾರ್ಡಿಂಗ್ ಶುರು ಮಾಡಬಹುದು. ಯೂಟ್ಯೂಬ್, ಸ್ಪಾಟಿಫೈಗೆ ಹಾಕೋಕೆ ದೊಡ್ಡ ಕಂಪನಿಯ ಸಹಿಯೂ ಬೇಡ.

ಕಷ್ಟ ಶುರುವಾಗೋದು ಆಮೇಲೆ. ಆನ್‌ಲೈನ್‌ನಲ್ಲಿ ಒಂದು ಸಲ ಹಾಡು ಕೇಳಿದ್ರೆ ತಂಡಕ್ಕೆ ಸಿಗೋದು ಪೈಸೆಗಳ ಲೆಕ್ಕ. ಐದು ಜನರ ತಂಡ ಅದರಲ್ಲಿ ಟೀ ಖರ್ಚೂ ಹುಟ್ಟಿಸಿಕೊಳ್ಳೋಕಾಗಲ್ಲ. ಸಿನಿಮಾ ಅಲ್ಲದ ಬ್ಯಾಂಡ್‌ಗಳು ಬದುಕೋದು ಮುಖ್ಯವಾಗಿ ವೇದಿಕೆ ಕಾರ್ಯಕ್ರಮದಿಂದ, ಜತೆಗೆ ಸಿನಿಮಾ, ಜಾಹೀರಾತಿನ ಕೆಲಸದಿಂದ. ರಘು ದೀಕ್ಷಿತ್ ಅವರ ಹೆಸರು ಹಳ್ಳಿಹಳ್ಳಿಗೆ ಮುಟ್ಟಿದ್ದೂ 2008ರ 'ಸೈಕೋ' ಸಿನಿಮಾದ ಮಾದೇಶ್ವರನ ಹಾಡಿನಿಂದ ಅನ್ನೋದನ್ನ ಮರೆಯೋ ಹಾಗಿಲ್ಲ. ಆಲ್ಬಂ ಅನ್ನೋದು ಅಂಗಡಿಯ ಬೋರ್ಡ್ ಇದ್ದ ಹಾಗೆ. ಬೋರ್ಡ್ ನೋಡಿ ಗಿರಾಕಿ ಬರಬಹುದು, ವ್ಯಾಪಾರ ನಡೆಯೋದು ಒಳಗೆ, ಅಂದ್ರೆ ವೇದಿಕೆ ಮೇಲೆ. ವೇದಿಕೆಯೇ ಇಲ್ಲದ ಊರಲ್ಲಿ ಆಲ್ಬಂ ಮಾಡೋದು ಬೋರ್ಡ್ ಬರೆಸಿ ಮಳಿಗೆ ಇಲ್ಲದೆ ನಿಂತ ಹಾಗೆ.

ಕಾನೂನಿನ ವಿಷಯವೂ ಸ್ವಲ್ಪ ತಿಳ್ಕೊಂಡಿರೋದು ಒಳ್ಳೇದು. ಸಿನಿಮಾ ಹಾಡು ಹಾಡೋದಕ್ಕೂ ಹಾಕೋದಕ್ಕೂ ಹಕ್ಕುದಾರರ ಲೈಸೆನ್ಸ್ ಬೇಕು. ದೇವರ ಉತ್ಸವ, ಮದುವೆ ದಿಬ್ಬಣದಂಥ ಸಮಾರಂಭಕ್ಕೆ ಕೃತಿಸ್ವಾಮ್ಯ ಕಾಯ್ದೆಯಲ್ಲೇ ವಿನಾಯಿತಿ ಇದೆ. ಮಳಿಗೆ ಪ್ರಚಾರ, ಟಿಕೆಟ್ ಇಟ್ಟ ಕಾರ್ಯಕ್ರಮಗಳು ಆ ಪಟ್ಟಿಗೆ ಬರಲ್ಲ. ಸ್ವಂತ ಹಾಡು ಹಾಡೋ ತಂಡಕ್ಕೆ ಬೇರೆಯವರ ಒಪ್ಪಿಗೆಯ ಗೊಡವೆ ಇಲ್ಲ. ನಮ್ಮ ದೇಶದಲ್ಲಿ ಬರೆದವರು ತೀರಿಕೊಂಡು 60 ವರ್ಷ ಕಳೆದ ಮೇಲೆ ಪದ ಎಲ್ಲರದ್ದಾಗುತ್ತೆ. ಹಾಗಾಗಿ ಷರೀಫರ ಪದ, ದಾಸರ ಪದ, ಶರಣರ ವಚನಕ್ಕೆ ಹೊಸ ರಾಗ ಹಾಕೋಕೆ ಯಾರಪ್ಪನ ಅಪ್ಪಣೆಯೂ ಬೇಡ. ಬೇರೆ ಸಂಗೀತಗಾರರು ಹಾಕಿದ ರಾಗವನ್ನ ಎತ್ತಿಕೊಂಡ್ರೆ ಮಾತ್ರ ತೊಡಕು. ಹುಡುಗ್ರು ಈ ಗೆರೆ ತಿಳ್ಕೊಂಡ್ರೆ ಯೂಟ್ಯೂಬ್‌ನಲ್ಲಿ ಕಷ್ಟಪಟ್ಟು ಹಾಕಿದ ವಿಡಿಯೋ ಕಳಕೊಳ್ಳೋದು ತಪ್ಪುತ್ತೆ.

ಬಂಡವಾಳಕ್ಕೆ ಏನು ಮಾಡೋದು? ಪವನ್ ಕುಮಾರ್ ಅವರ 'ಲೂಸಿಯಾ' ಸಿನಿಮಾ 2013ರಲ್ಲಿ ಬಂತಲ್ಲ, ಅದಕ್ಕೆ ಒಬ್ಬ ನಿರ್ಮಾಪಕ ಇರಲಿಲ್ಲ. ನೂರಕ್ಕೂ ಹೆಚ್ಚು ಜನ ತಲೆಗಿಷ್ಟು ಅಂತ ಹಾಕಿದ ದುಡ್ಡಲ್ಲಿ ಆದ ಸಿನಿಮಾ. ಚೀಟಿ ಹಾಕಿ ಅಂಗಡಿ ಬೆಳೆಸಿದ ನಮ್ಮ ಪೇಟೆಯವರಿಗೆ ಈ ಲೆಕ್ಕ ಹೊಸದೇನಲ್ಲ. ಒಂದು ಊರಿನ ಬ್ಯಾಂಡಿನ ನಾಲ್ಕು ಹಾಡಿಗೆ ಐವತ್ತು ಅಂಗಡಿ ಸೇರಿದ್ರೆ ಯಾರಿಗೂ ಹೊರೆ ಆಗಲ್ಲ.

ಎದುರು ಮಾತು ಇಲ್ಲದೇ ಇಲ್ಲ

ಇದನ್ನ ಓದಿ ಸಮಿತಿಯವರು ಹೇಳೋ ಮಾತು ಗೊತ್ತಿದೆ. 'ಸ್ವಾಮಿ, ಹೊಸ ಹಾಡು ಶುರು ಮಾಡಿದ ಕೂಡ್ಲೆ ಜನ ಎದ್ದು ಹೋಗ್ತಾರೆ. ಚಂದಾ ಕೊಟ್ಟೋರು ನಮ್ಮನ್ನ ಕೇಳ್ತಾರೆ.' ಸುಳ್ಳಲ್ಲ. ಒಂದು ಇಡೀ ರಾತ್ರಿಯನ್ನ ಹೊಸಬರ ಕೈಗೆ ಕೊಡಿ ಅಂತ ಯಾರೂ ಹೇಳ್ತಿಲ್ಲ. ಆರ್ಕೆಸ್ಟ್ರಾ ತಂಡಗಳ ಹೊಟ್ಟೆ ಮೇಲೆ ಹೊಡೆಯೋದೂ ಬೇಡ. ಅವರೂ ನಮ್ಮ ಊರಿನವರೇ, ಅವರಲ್ಲೇ ಎಷ್ಟೋ ಜನ ಒಳ್ಳೇ ವಾದ್ಯಗಾರರು ಸಿನಿಮಾ ಹಾಡಿನ ನಡುವೆ ತಮ್ಮ ಸ್ವಂತ ಹಾಡನ್ನ ನುಂಗಿಕೊಂಡು ಕೂತಿದ್ದಾರೆ.

ಅಪ್ಪ ಅಮ್ಮಂದಿರ ಭಯವೂ ನಿಜ. ಸಾಲ ಮಾಡಿ ಇಂಜಿನಿಯರಿಂಗ್ ಓದಿಸಿದ ಮಗ ಗಿಟಾರ್ ಹಿಡಿದ್ರೆ ಎದೆ ಧಸಕ್ ಅನ್ನದೆ ಇರುತ್ತಾ? ಆದ್ರೆ ಅಶ್ವಥ್ ನೌಕರಿ ಮಾಡ್ತಾನೇ ಹಾಡಿದರು. ರಘು ದೀಕ್ಷಿತ್ ಓದಿ, ಕೆಲಸ ಮಾಡಿ, ಆಮೇಲೆ ಈ ದಾರಿಗೆ ಪೂರ್ತಿ ಬಂದರು. 'ಓದು ಬಿಡ್ತೀನಿ, ಬ್ಯಾಂಡ್ ಮಾಡ್ತೀನಿ' ಅನ್ನೋ ಹುಡುಗನಿಗೆ ಹೇಳಬೇಕಾದ ಮಾತು ಇದೇ. ಎರಡನ್ನೂ ಹಿಡ್ಕೋ ಮಗಾ, ಮೊದಲ ಐದು ವರ್ಷ ಹಾಡು ನಿನಗೆ ಅನ್ನ ಹಾಕಲ್ಲ.

ಏನು ಮಾಡಬಹುದು?

ದೊಡ್ಡ ಯೋಜನೆ ಬೇಡ, ಸರ್ಕಾರದ ಅನುದಾನಕ್ಕೆ ಕಾಯೋದೂ ಬೇಡ. ಒಂದೇ ಒಂದು ಷರತ್ತು ಸಾಕು. ಮುಂದಿನ ಹಬ್ಬಕ್ಕೆ ರಸೀದಿ ಪುಸ್ತಕ ಹಿಡ್ಕೊಂಡು ಸಮಿತಿಯವರು ಅಂಗಡಿಗೆ ಬಂದಾಗ, ದುಡ್ಡು ಕೊಡೋ ಮುಂಚೆ ಒಂದು ಮಾತು ಕೇಳಿ. 'ನಮ್ಮ ತಾಲ್ಲೂಕಿನ ಹುಡುಗ್ರ ಸ್ವಂತ ಹಾಡಿಗೆ ಅರ್ಧ ಗಂಟೆ ಇಟ್ಟಿದ್ದೀರಾ?' ಅಂತ. ಹತ್ತು ಅಂಗಡಿಯವರು ಕೇಳಿದ್ರೆ ಹನ್ನೊಂದನೇ ಅಂಗಡಿ ಹೊತ್ತಿಗೆ ಕಾರ್ಯಕ್ರಮ ಪಟ್ಟಿ ಬದಲಾಗಿರುತ್ತೆ.

ಆ ಅರ್ಧ ಗಂಟೆ ಯಾವಾಗ ಅನ್ನೋದೂ ಮುಖ್ಯ. ರಾತ್ರಿ 10ರ ಮೇಲೆ ಧ್ವನಿವರ್ಧಕಕ್ಕೆ ನಿರ್ಬಂಧ ಇದೆ. ಕೊನೆಗೆ ಇಟ್ಟರೆ ಅವರ ಸರದಿ ಬರೋ ಹೊತ್ತಿಗೆ ಪೊಲೀಸಿನವರು ಬಂದಿರ್ತಾರೆ. ಏಳೂವರೆಗೆ, ಜನ ಸೇರಿರೋ ಹೊತ್ತಲ್ಲಿ, ಎರಡು ಜನಪ್ರಿಯ ಹಾಡಿನ ನಡುವೆ ಇಡಿ. ಕೇಳೋ ಕಿವಿಗೂ ಅಭ್ಯಾಸ ಬೇಕು. ಹಾಸನದ ಕಲಾಭವನ, ತಾಲ್ಲೂಕಿನ ಕನ್ನಡ ಸಂಘಗಳು, ಕಾಲೇಜುಗಳು ವರ್ಷಕ್ಕೊಂದು ಸಂಜೆ ಬಿಟ್ಟುಕೊಟ್ಟರೆ ಇನ್ನೂ ಒಳ್ಳೇದು.

ಹುಡುಗರ ಕಡೆಯಿಂದಲೂ ಒಂದು ಕೆಲಸ ಆಗಬೇಕು. ಇಂಗ್ಲಿಷ್ ಹಾಡಿನ ನೆರಳು ಬಿಟ್ಟು ನಮ್ಮ ಮಾತಲ್ಲಿ, ಹಾಸನದ 'ಕಣ್ಲಾ, ಹೂಂ ಕಣೋ' ಮಾತಲ್ಲಿ ಬರೆದು ತನ್ನಿ. ಹೇಳಿದ ಹೊತ್ತಿಗೆ ಬನ್ನಿ. ಮೂರು ಹಾಡಿದ್ದರೆ ಮೂರನ್ನೇ ಚೆನ್ನಾಗಿ ಹಾಡಿ. ಜನ ಮೊದಲ ವರ್ಷ ಸುಮ್ಮನೆ ನೋಡ್ತಾರೆ, ಎರಡನೇ ವರ್ಷ ಗುರುತು ಹಿಡೀತಾರೆ, ಮೂರನೇ ವರ್ಷ ನೀವು ಹಾಡೋ ಮುಂಚೆ ಅವರೇ ಶುರು ಮಾಡ್ತಾರೆ.

2017ರಲ್ಲಿ ಶ್ರವಣಬೆಳಗೊಳದ ಮೇಲೆ ಬೆಂಗಳೂರಿಗೆ ರೈಲು ಬಂತು. ಚನ್ನರಾಯಪಟ್ಟಣದಿಂದ ರಾಜಧಾನಿ ಹತ್ತಿರ ಆಯ್ತು. ಅದು ಹೋಗೋಕೂ ಆಗುತ್ತೆ, ಬರೋಕೂ ಆಗುತ್ತೆ. ಇಲ್ಲಿಯವರೆಗೂ ನಮ್ಮ ಹಾಡುಗಾರರು ಹೋದದ್ದೇ ಹೆಚ್ಚು. ಇನ್ನೊಬ್ಬ ಅಶ್ವಥ್ ಹುಟ್ಟಿದ್ರೆ ಅವನ ಮೊದಲ ಹಾಡನ್ನ ಅರಮನೆ ಮೈದಾನಕ್ಕಿಂತ ಮುಂಚೆ ನಮ್ಮ ಬಸ್ ಸ್ಟ್ಯಾಂಡ್ ಪಕ್ಕದ ಪೆಂಡಾಲಲ್ಲಿ ನಾವೇ ಕೇಳಬೇಕು. ಅದಕ್ಕೆ ಬೇಕಿರೋ ದುಡ್ಡು ಈಗಾಗಲೇ ನಮ್ಮ ಚಂದಾ ಪುಸ್ತಕದಲ್ಲಿದೆ. ಅದರಲ್ಲಿ ಅರ್ಧ ಗಂಟೆಯನ್ನ ಅವರ ಹೆಸರಿಗೆ ಬರೆಯೋದು ಬಾಕಿ.